ಚಹಾ ಕಪ್ ತೊಳೆದವರು ಯಾರು?

ಪ್ರಿಯ ಲೇಖಕಿಯವರೆ,

ನಿಮ್ಮ ಪತ್ತೇದಾರಿ ಕಥೆ ತಲುಪಿದೆ. 1924ರ ಜೂನ್, ಇಂಗ್ಲೆಂಡಿನ ಡೆವನ್‌ನ ಒಂದು ಹಳ್ಳಿ, ದೊಡ್ಡ ಮನೆ. ಯಜಮಾನಿಯ ಚಹಾಕ್ಕೆ ಸೋದರಳಿಯ ಆರ್ಸೆನಿಕ್ ಬೆರೆಸುತ್ತಾನೆ, ಮದುವೆಯಾಗದ ಮಿಸ್ ಹಾರ್ಟ್ ಅವನನ್ನು ಹಿಡಿಯುತ್ತಾಳೆ. ಭಾಷೆ ಸ್ವಚ್ಛವಾಗಿದೆ, ಮೊದಲ ಎರಡು ಪುಟ ಓದಿಸಿಕೊಂಡು ಹೋಗುತ್ತವೆ. ಮೂರನೆಯದರಲ್ಲಿ ನನ್ನ ಪಿತ್ತ ನೆತ್ತಿಗೇರಿತು. ಉಳಿದದ್ದನ್ನೆಲ್ಲ ಬಿಟ್ಟು ಅದನ್ನೇ ಹೇಳುತ್ತೇನೆ.

"ಒಂದು ಗುಟುಕು ಕುಡಿದವಳೇ ಗಂಟಲು ಹಿಡಿದುಕೊಂಡು ಕುಸಿದಳು. ಕೋಣೆಯಲ್ಲೆಲ್ಲ ಕಹಿ ಬಾದಾಮಿಯ ವಾಸನೆ."

ಇದು ಸಯನೈಡ್. ಬಿಳಿ ಆರ್ಸೆನಿಕ್‌ಗೆ, ಅಂದರೆ ನಮ್ಮ ಹಳಬರ ಶಂಖಪಾಷಾಣಕ್ಕೆ, ವಾಸನೆಯಿಲ್ಲ, ರುಚಿಯೂ ಇಲ್ಲವೆನ್ನುವಷ್ಟು ಕಡಿಮೆ. ಅದು ಕೆಲಸ ಶುರುಮಾಡುವುದಕ್ಕೇ ಅರ್ಧ ಗಂಟೆಯಿಂದ ಕೆಲವು ಗಂಟೆ ಬೇಕು. ಆಮೇಲೆ ವಾಂತಿ, ಭೇದಿ, ಹೊಟ್ಟೆನುಲಿತ, ಮೀನಖಂಡ ಹಿಡಿದುಕೊಳ್ಳುವುದು. ಸಾವು ಎಷ್ಟೋ ಸಲ ಮರುದಿನ, ಇಲ್ಲವೇ ಅದರಾಚೆ. ಹಳ್ಳಿಯ ಡಾಕ್ಟರು ಹೊಟ್ಟೆಯ ಉರಿಯೂತ ಎಂದು ಬರೆದು ಹೋಗುತ್ತಾರೆ. ಆ ಕಾಲದ ಬ್ರಿಟಿಷ್ ಲೇಖಕಿಯರಿಗೆ ಬೇಕಾಗಿದ್ದದ್ದು ಈ ನಿಧಾನವೇ. ಗುಟುಕಿಗೇ ಸತ್ತರೆ ಕಥೆಯಲ್ಲಿ ಒಬ್ಬ ಕೊಲೆಗಾರ, ಒಂದು ಕಪ್, ಅಷ್ಟೇ. ಎರಡು ದಿನ ಹಾಸಿಗೆ ಹಿಡಿದರೆ ಗಂಜಿ ಕಾಯಿಸಿದವರು, ಟ್ರೇ ಹೊತ್ತವರು, ಔಷಧಿ ಅಳೆದವರು, ರಾತ್ರಿ ಎದ್ದು ಕೂತವರು ಎಲ್ಲರ ಮೇಲೂ ಸಂಶಯ ಹರಿದಾಡುತ್ತದೆ. ಡೊರೊತಿ ಸೇಯರ್ಸ್ 1930ರ 'ಸ್ಟ್ರಾಂಗ್ ಪಾಯ್ಸನ್' ಕಾದಂಬರಿಯನ್ನು ನ್ಯಾಯಾಲಯದಲ್ಲೇ ತೆರೆದು, ಒಂದು ರಾತ್ರಿಯೂಟದ ಸೂಪು, ಮೀನು, ಕೋಳಿ, ಆಮ್ಲೆಟ್ ಒಂದೊಂದನ್ನೂ ಯಾರು ಮಾಡಿದರು, ಯಾರು ತಿಂದರು, ಮಿಕ್ಕಿದ್ದು ಎಲ್ಲಿ ಹೋಯಿತು ಎಂದು ನ್ಯಾಯಾಧೀಶರ ಬಾಯಲ್ಲೇ ಹೇಳಿಸುತ್ತಾರೆ. ಊಟದ ಪಟ್ಟಿಯೇ ಅಲ್ಲಿ ಸಾಕ್ಷ್ಯ.

"ಪೇಟೆಗೆ ಹೋಗಿ ಅರ್ಧ ಪೌಂಡ್ ಆರ್ಸೆನಿಕ್ ಪೊಟ್ಟಣ ಕಟ್ಟಿಸಿಕೊಂಡು ಬಂದ. ಯಾರಿಗೂ ತಿಳಿಯಲಿಲ್ಲ."

ತಿಳಿಯದಿರಲು ಸಾಧ್ಯವೇ ಇಲ್ಲ. ಆಗ ಅಲ್ಲಿ ಜಾರಿಯಲ್ಲಿದ್ದ 1851ರ ಕಾಯಿದೆಯ ಪ್ರಕಾರ ಅಂಗಡಿಯವನು ವಿಷದ ಪುಸ್ತಕದಲ್ಲಿ ತಾರೀಖು, ತೂಕ, ಕಾರಣ ಬರೆದು ಕೊಳ್ಳುವವನ ರುಜು ಹಾಕಿಸಬೇಕಿತ್ತು. ಗುರುತಿಲ್ಲದವನಾದರೆ ಸಾಕ್ಷಿ ಬೇಕಿತ್ತು. ಚಿಲ್ಲರೆಯಾಗಿ ಮಾರುವಾಗ, ಬಣ್ಣದಿಂದ ಗುರುತು ಸಿಗಲೆಂದು, ಪೌಂಡಿಗೆ ಒಂದು ಔನ್ಸ್ ಹೊಗೆಮಸಿ, ಇಲ್ಲವೇ ಅರ್ಧ ಔನ್ಸ್ ನೀಲಿ ಬೆರೆಸಿಯೇ ಕೊಡಬೇಕಿತ್ತು. ನಿಮ್ಮ ಸೋದರಳಿಯ ಅದನ್ನು 'ಎರಡು ಚಮಚ' ಚಹಾಕ್ಕೆ ಹಾಕುತ್ತಾನೆ! ಮಸಿ ಮೇಲೆ ತೇಲುತ್ತದೆ, ಪುಡಿ ಪೂರ್ತಿ ಕರಗದೆ ತಳದಲ್ಲಿ ಕೂರುತ್ತದೆ. ಅರ್ಧ ಪೌಂಡ್ ಅಂದರೆ, ಗ್ರೇನ್ ಎಂಬ ಹಳೆಯ ಸಣ್ಣ ತೂಕದಲ್ಲಿ, 3500 ಗ್ರೇನ್. ಒಬ್ಬರನ್ನು ಕೊಲ್ಲಲು ಎರಡು ಮೂರು ಗ್ರೇನ್ ಸಾಕಾದೀತು. ಅವನು ಇಡೀ ಊರನ್ನೇ ಮುಗಿಸಲು ಹೊರಟಂತಿದೆ.

ಇನ್ನೊಂದು ವಿಷಯ. ವೇಲ್ಸ್ ಗಡಿಯ ಹೇ ಎಂಬ ಊರಿನ ವಕೀಲ ಆರ್ಮ್‌ಸ್ಟ್ರಾಂಗ್‌ನನ್ನು 1922ರ ಮೇ 31ರಂದು ಗಲ್ಲಿಗೇರಿಸಿದ್ದರು. ಹೆಂಡತಿಗೆ ಆರ್ಸೆನಿಕ್ ಕೊಟ್ಟದ್ದು ಆರೋಪ. ಕಳೆ ಕೊಲ್ಲಲು ತಂದದ್ದು ಎಂಬುದು ಅವನ ವಾದ. ಎದುರಾಳಿ ವಕೀಲನನ್ನು ಚಹಾಕ್ಕೆ ಕರೆದು ಕೈಯಾರೆ ಸ್ಕೋನ್ ಎಂಬ ಬನ್ನು ಎತ್ತಿಕೊಟ್ಟಿದ್ದ. ಆ ಎದುರಾಳಿಯ ಮಾವನೇ ಔಷಧಿ ಅಂಗಡಿಯವನು! ಪತ್ರಿಕೆಗಳೆಲ್ಲ ಈ ಸುದ್ದಿಯಿಂದ ತುಂಬಿದ್ದವು. ಅದಾದ ಎರಡೇ ವರ್ಷಕ್ಕೆ ಚಹಾ ಕುಡಿದು ಒಬ್ಬಾಕೆ ಸತ್ತರೆ ಅಡುಗೆಯವಳಿಂದ ಪಾದ್ರಿಯವರೆಗೆ ಎಲ್ಲರ ಬಾಯಲ್ಲೂ ಆರ್ಸೆನಿಕ್ ಮಾತೇ ಬರಬೇಕು. ನಿಮ್ಮ ಹಳ್ಳಿಯವರು "ಪಾಪ, ಹೃದಯಾಘಾತ" ಎನ್ನುತ್ತಾರೆ.

ಅಗಾಥಾ ಕ್ರಿಸ್ಟಿ ಮೊದಲನೇ ಮಹಾಯುದ್ಧದಲ್ಲಿ ಟಾರ್ಕಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡಿದವರು. 1920ರ ಅವರ ಮೊದಲ ಕಾದಂಬರಿಯನ್ನು ಓದಿಲ್ಲವಾದರೆ ಮುಂದಿನ ಸಾಲು ಬಿಡಿ. ಸ್ಟ್ರಿಕ್‌ನೈನ್ ಎಂಬ ವಿಷವಿದ್ದ ಟಾನಿಕ್‌ಗೆ ಬ್ರೋಮೈಡ್ ಎಂಬ ನಿದ್ದೆಪುಡಿ ಸೇರಿ ವಿಷವೆಲ್ಲ ತಳಕ್ಕಿಳಿಯುತ್ತದೆ, ಕೊನೆಯ ಡೋಸ್ ಕೊಲ್ಲುತ್ತದೆ. ಸೀಸೆ ಖಾಲಿಯಾಗುವ ದಿನವೇ ಕೊಲೆಯ ದಿನ.

"ಮಿಸ್ ಹಾರ್ಟ್‌ಳ ಹೆಣ್ಣು ಮನಸ್ಸಿಗೆ ಎಲ್ಲವೂ ಹೊಳೆಯಿತು."

ಈ ಸಾಲಿನ ಪಕ್ಕ ನಾನು ಪೆನ್ಸಿಲ್ಲಿನಲ್ಲಿ ಬರೆದದ್ದನ್ನು ಅಳಿಸಿ ಕಳಿಸುತ್ತಿದ್ದೇನೆ. 1930ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ, ಪತ್ತೇದಾರಿ ಲೇಖಕರ ಸಂಘವಾದ ಡಿಟೆಕ್ಷನ್ ಕ್ಲಬ್ಬಿನ ಪ್ರತಿಜ್ಞೆಯಲ್ಲಿ ದೈವವಾಣಿ, ಕಾಕತಾಳೀಯಗಳ ಸಾಲಿನಲ್ಲೇ ಹೆಂಗಸರ ಒಳಮನಸ್ಸಿನ ಹೊಳಹೂ ನಿಷಿದ್ಧವಾಗಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನ 1921ರ ಜನಗಣತಿಯಲ್ಲಿ ಗಂಡಸರಿಗಿಂತ ಹೆಂಗಸರು 17 ಲಕ್ಷಕ್ಕೂ ಹೆಚ್ಚಿದ್ದರು. 'ಹೆಚ್ಚುವರಿ ಹೆಂಗಸರು' ಎಂದು ಪತ್ರಿಕೆಗಳು ಹಂಗಿಸುತ್ತಿದ್ದವು. ಸೇಯರ್ಸ್ 1927ರಲ್ಲಿ ತಂದ ಮಿಸ್ ಕ್ಲಿಂಪ್ಸನ್ ಅಂಥವಳೇ. ಸಂಬಳ ಪಡೆದು ಹಳ್ಳಿಯಲ್ಲಿ ರೂಮು ಹಿಡಿದು, ಯಾವ ಗಂಡಸೂ ಕೇಳಲಾರದ ಪ್ರಶ್ನೆಗಳನ್ನು ಕೇಳಿ ಪತ್ರದಲ್ಲಿ ವರದಿ ಬರೆಯುತ್ತಾಳೆ. ನಿಮ್ಮ ಮಿಸ್ ಹಾರ್ಟ್ ಯಾರ ದುಡ್ಡಿನಲ್ಲಿ ಉಣ್ಣುತ್ತಾಳೆ? ಆ ಮನೆಯ ಯಾವ ಬಾಗಿಲಿನಿಂದ ಒಳಗೆ ಬರುತ್ತಾಳೆ?

ಅವಳು ಕೇಳಬೇಕಾದವಳು ಆಲಿಸ್. ಟ್ರೇ ಹೊತ್ತ ಆ ಹುಡುಗಿಯನ್ನು ನೀವು ಒಂದು ಸಾಲಿನಲ್ಲಿ ಸಾಗಹಾಕಿದ್ದೀರಿ. ಕಪ್ ತೊಳೆದವಳು ಅವಳೇ ಅಲ್ಲವೇ? ತಳದ ಪುಡಿ ಕಂಡವಳೂ ಅವಳೇ. ಅವಳ ಬಾಯಲ್ಲಿ "ಅಮ್ಮಾವ್ರೇ" ಬೇಡ, ಕಥೆ ಮೈಸೂರಿನ ವಠಾರಕ್ಕೆ ಬಂದುಬಿಡುತ್ತದೆ. "ಮೇಡಂ" ಸಾಕು. ಅಂಥ ಮನೆಗಳಲ್ಲಿ ಅಡುಗೆಯವಳಿಗೆ ಮದುವೆಯಾಗದಿದ್ದರೂ 'ಮಿಸೆಸ್' ಎನ್ನುತ್ತಿದ್ದರು, ಆಲಿಸ್‌ಗೆ ಬರೀ ಆಲಿಸ್.

ನಾನು ಕರಡು ತಿದ್ದಲು ಕಲಿಯುವಾಗ ಹಿರಿಯರೊಬ್ಬರು ಮಾಡಿಸುತ್ತಿದ್ದ ಕೆಲಸ: ಹಾಳೆಗೆ ಮೂರು ಗೆರೆಮನೆ, ಒಂದರಲ್ಲಿ ಗಂಟೆ, ಒಂದರಲ್ಲಿ ಹೆಸರು, ಒಂದರಲ್ಲಿ ಆಗ ಅವರ ಕೈಯಲ್ಲಿದ್ದ ವಸ್ತು. ಮಧ್ಯಾಹ್ನ ನಾಲ್ಕರಿಂದ ಮರುದಿನ ಬೆಳಗಿನವರೆಗೆ ಕಾಲು ಗಂಟೆಗೊಂದು ಸಾಲು ತುಂಬಿ. ಆಲಿಸ್‌ಳ ಗೆರೆಮನೆ ಖಾಲಿ ಬಿದ್ದಲ್ಲೆಲ್ಲ ಕಥೆ ಸೋರುತ್ತಿದೆ ಎಂದು ತಿಳಿಯಿರಿ.

ತಿದ್ದಿದ ಪ್ರತಿಯ ಜೊತೆ ಆ ಹಾಳೆಯನ್ನೂ ಕಳಿಸಿ. ಅಂದಹಾಗೆ ಜೂನ್ ತಿಂಗಳಿಗೆ ಅಷ್ಟೊಂದು ಮಂಜು ಬೇಡ. ನೊಣಗಳನ್ನು ತನ್ನಿ, ಆಗ ತಟ್ಟೆಯ ನೀರಿನಲ್ಲಿ ನೆನೆಹಾಕಿದ, ಆರ್ಸೆನಿಕ್ ಇರುವ ನೊಣದ ಕಾಗದವೂ ಇರುತ್ತದೆ.

— ಸಂಪಾದಕ