ಆಸ್ಪತ್ರೆಯ ಫೋನ್ ಎಷ್ಟು ರಿಂಗ್‌ಗೆ ಎತ್ತಬೇಕು?

ಪ್ರಶ್ನೆ: ಅಪ್ಪನಿಗೆ ಕಿಡ್ನಿ ಕಲ್ಲಿನ ಆಪರೇಷನ್ ಆಗಿತ್ತು. ರಿಪೋರ್ಟ್ ಬಂತಾ ಎಂದು ಕೇಳಲು ಸೋಮವಾರ ಬೆಳಿಗ್ಗೆ ಬೆಂಗಳೂರಿನ ಆಸ್ಪತ್ರೆಗೆ ನಾಲ್ಕು ಸಲ ಫೋನ್ ಮಾಡಿದೆ. ಎರಡು ಸಲ ಯಾರೂ ಎತ್ತಲಿಲ್ಲ. ಮತ್ತೆರಡು ಸಲ ‘ಲೈನ್‌ನಲ್ಲಿರಿ’ ಎಂದರು, ಅಷ್ಟೇ. ಇದಕ್ಕೊಂದು ಲೆಕ್ಕ ಬೇಡವೇ?
– ಓದುಗರೊಬ್ಬರು, ತುಮಕೂರು

ಉತ್ತರ: ಲೆಕ್ಕ ಇದೆ. ಮೂರು ರಿಂಗ್ ಒಳಗೆ ಎತ್ತಬೇಕು ಎಂದೇ ಆಪರೇಟರ್‌ಗಳಿಗೆ ಕಲಿಸುತ್ತಾರೆ. ನಮ್ಮ ಲೈನ್‌ಗಳಲ್ಲಿ ‘ಟ್ರಿಣ್ ಟ್ರಿಣ್’ ಒಂದು ಸುತ್ತಿಗೆ ಸುಮಾರು 3 ಸೆಕೆಂಡ್. ಅಂದರೆ ಹತ್ತು ಸೆಕೆಂಡ್ ಒಳಗೆ ‘ನಮಸ್ಕಾರ’ ಕೇಳಿಸಬೇಕು.

ಆದರೆ ನೀವು ಫೋನ್ ಮಾಡಿದ್ದು ಸೋಮವಾರ ಬೆಳಿಗ್ಗೆ, ಅಲ್ವಾ? ಆ ಹೊತ್ತಿನಲ್ಲಿ ಆಸ್ಪತ್ರೆಯ ಟೆಲಿಫೋನ್ ಬೋರ್ಡ್ ಮುಂದೆ ಕೂತ ಆಪರೇಟರ್‌ಗಳನ್ನು ನೋಡಬೇಕು. ಭಾನುವಾರ ತಡೆದುಕೊಂಡವರೆಲ್ಲ ಒಟ್ಟಿಗೆ ಫೋನ್ ಮಾಡುತ್ತಾರೆ. ಡಾಕ್ಟರ್ ಇದ್ದಾರಾ, ಟೋಕನ್ ಸಿಗುತ್ತಾ, ಇನ್ಶೂರೆನ್ಸ್ ಪಾಸಾಯ್ತಾ. ಒಳಗಿನ ಕರೆಗಳೂ ಅದೇ ಬೋರ್ಡ್‌ಗೆ ಬರುತ್ತವೆ. ನಡುವೆ ಯಾವುದೋ ವಾರ್ಡ್‌ನಿಂದ ‘ಕೋಡ್ ಬ್ಲೂ’ ಬಂತು ಅನ್ನಿ. ಯಾರದೋ ಹೃದಯ ನಿಂತಿದೆ ಎಂದರ್ಥ. ಆಗ ಆಪರೇಟರ್ ಎಲ್ಲ ಬಿಟ್ಟು ಮೈಕ್ ಹಿಡಿಯುತ್ತಾರೆ. ನಿಮ್ಮ ಫೋನ್ ಹೊಡೆದುಕೊಳ್ಳುತ್ತಲೇ ಇರುತ್ತದೆ. ಹೊಡೆದುಕೊಳ್ಳಲಿ ಎಂದೇ ನಾನು ಹೇಳುತ್ತೇನೆ.

ನನ್ನ ತಕರಾರು ಬೇರೆ. ಮೂರನೇ ರಿಂಗ್‌ಗೆ ಎತ್ತಿ, ಸುಮ್ನೆ ವಾರ್ಡ್‌ಗೆ ತಳ್ಳಿ ಕೈತೊಳೆದುಕೊಳ್ಳುವುದು. ಅಲ್ಲಿ ಯಾರಾದರೂ ಎತ್ತಿದರಾ ಅಂತ ನೋಡುವುದೇ ಇಲ್ಲ. ಬೇಗ ಎತ್ತಿದ್ದು ಆಸ್ಪತ್ರೆಯ ಲೆಕ್ಕಕ್ಕೆ ಸೇರುತ್ತದೆ. ಉತ್ತರ ಸಿಗದೆ ನೀವು ಕಾದದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. ನಿಮಗೆ ಎರಡು ಸಲ ಆಗಿದ್ದು ಇದೇ. ಅದು ಆಸ್ಪತ್ರೆಯದೇ ತಪ್ಪು.

ಮುಂದಿನ ಸಲ ‘ಲೈನ್ ಕಟ್ ಆದರೆ ಯಾವ ಎಕ್ಸ್‌ಟೆನ್ಷನ್ ಕೇಳಲಿ?’ ಎಂದು ಮೊದಲೇ ಕೇಳಿ, ಬರೆದಿಟ್ಟುಕೊಳ್ಳಿ. ಅಪ್ಪನ ಬಿಲ್ಲಿನ ಮೇಲಿರುವ ರೋಗಿಯ ನಂಬರ್ ಕೈಯಲ್ಲಿರಲಿ. ರಿಪೋರ್ಟ್ ಬೇಕಿದ್ದರೆ ವಾರ್ಡ್ ಅಲ್ಲ, ಲ್ಯಾಬ್ ಕೇಳಿ. ಮಧ್ಯಾಹ್ನ ಎರಡರ ಸುಮಾರಿಗೆ ನರ್ಸ್‌ಗಳ ಪಾಳಿ ಬದಲಾಗುತ್ತದೆ. ಆಗ ವಾರ್ಡ್ ಫೋನ್ ಎತ್ತುವವರು ಕಡಿಮೆ. ಮೂರರ ಮೇಲೆ ಮಾಡಿ, ಲೈನೂ ಬೇಗ ಸಿಗುತ್ತದೆ.

ಇನ್ನೊಂದು. ಮನೆಯಲ್ಲಿ ಯಾರಿಗಾದರೂ ಎದೆನೋವು, ಉಸಿರಾಟದ ತೊಂದರೆ ಎಂದರೆ ಆಸ್ಪತ್ರೆಯ ಲ್ಯಾಂಡ್‌ಲೈನ್‌ಗೆ ಕಾಯಬೇಡಿ. ಕರ್ನಾಟಕದಲ್ಲಿ 2008ರಿಂದ 108 ಇದೆ. ಮೊದಲು ಅದಕ್ಕೇ ಒತ್ತಿ.