ಪ್ಯಾಕೆಟ್ ಒಡೆದರೆ ಪಾಪವೇ ಅಕ್ಕಾ?

ಪ್ರಶ್ನೆ: ಅಕ್ಕಾ, ನಮಸ್ಕಾರ. ನನ್ನ ಮನೆ ಬದಿಯಡ್ಕದ ಹತ್ತಿರ, ಕೆಲಸ ಕಾಸರಗೋಡಿನ ಒಂದು ಆಫೀಸಿನಲ್ಲಿ. ಗಂಡನಿಗೆ ಮಂಗಳೂರಿನಲ್ಲಿ ಕೆಲಸ. ಬೆಳಗ್ಗೆ ಅವರು ಕುಂಬಳೆಯಿಂದ ರೈಲು ಹಿಡಿದರೆ ಮನೆಗೆ ಬರುವಾಗ ರಾತ್ರಿ ಎಂಟು. ಮಕ್ಕಳಿಬ್ಬರು, ಒಂಬತ್ತು ಮತ್ತು ಐದು ವರ್ಷ. ಶಾಲೆಯ ವ್ಯಾನ್ ಏಳೂವರೆಗೆ ಬಂದು ಹಾರ್ನ್ ಹೊಡೆಯುತ್ತದೆ. ವಾರದಲ್ಲಿ ಮೂರು ದಿನ ನೂಡಲ್ಸ್, ಉಳಿದ ದಿನ ಬ್ರೆಡ್ಡು-ಜಾಮು, ಇಲ್ಲವಾದರೆ ಅಂಗಡಿಯ ದೋಸೆಹಿಟ್ಟು. ರಾತ್ರಿ ಎಷ್ಟೋ ಸಲ ಪೊರೋಟ ಪಾರ್ಸೆಲ್. ಮೊನ್ನೆ ಅತ್ತೆ ನೆಂಟರ ಎದುರೇ ‘ನಮ್ಮದು ಪ್ಯಾಕೆಟ್ ಸೊಸೆ’ ಅಂದರು. ನಗುತ್ತಲೇ ಅಂದದ್ದು, ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ. ಮಕ್ಕಳಿಗೆ ನಾನು ಅನ್ಯಾಯ ಮಾಡುತ್ತಿದ್ದೇನಾ?
– ಓದುಗಿ, ಬದಿಯಡ್ಕ

ಉತ್ತರ: ತಂಗೀ, ಮೊದಲು ನನ್ನದೊಂದು ಗುಟ್ಟು ಹೇಳಿಬಿಡುತ್ತೇನೆ. ಎರಡು ನಿಮಿಷದ ನೂಡಲ್ಸ್ ನಮ್ಮ ದೇಶದ ಅಂಗಡಿಗಳಿಗೆ ಬಂದದ್ದು 1983ರಲ್ಲಿ. ನಮ್ಮೂರಿಗೆ ಬರುವಾಗ ಇನ್ನೂ ತಡ ಆಯಿತು. ನಾನಾಗ ಕೆಲಸಕ್ಕೆ ಹೋಗುತ್ತಿದ್ದೆ, ಮಗ ಚಿಕ್ಕವನು. ಅತ್ತೆಯ ಕಣ್ಣಿಗೆ ಬೀಳಬಾರದು ಅಂತ ಪ್ಯಾಕೆಟ್ ತಂದು ಅಕ್ಕಿಡಬ್ಬಿಯ ಹಿಂದೆ ಅಡಗಿಸಿಡುತ್ತಿದ್ದೆ. (ಎರಡು ನಿಮಿಷ ಅಂತ ಬರೆದಿತ್ತು ನಿಜ, ನಮ್ಮ ಸೀಮೆಎಣ್ಣೆ ಸ್ಟೌವಿನಲ್ಲಿ ನೀರು ಕುದಿಯಲಿಕ್ಕೇ ಹತ್ತು ನಿಮಿಷ ಬೇಕಿತ್ತು.) ಒಂದು ದಿನ ಸಿಕ್ಕಿಬಿದ್ದೆ. ಅತ್ತೆ ಒಂದು ತುತ್ತು ಬಾಯಿಗೆ ಹಾಕಿಕೊಂಡು, ‘ಇದಕ್ಕೆ ಸ್ವಲ್ಪ ಕಾಯಿತುರಿ ಹಾಕಬಹುದಿತ್ತು’ ಅಂದರು. ಅಷ್ಟೇ.

ನಿಮ್ಮ ಅತ್ತೆಯವರನ್ನು ಒಮ್ಮೆ ಮೆಲ್ಲಗೆ ಕೇಳಿ ನೋಡಿ, ಅವರು ಸೊಸೆಯಾಗಿ ಬಂದ ಕಾಲದಲ್ಲಿ ಮಳೆಗಾಲದ ಅಡುಗೆ ಹೇಗೆ ನಡೆಯುತ್ತಿತ್ತು ಅಂತ. ಏಪ್ರಿಲ್-ಮೇ ತಿಂಗಳಲ್ಲೇ ಹಲಸಿನ ಹಪ್ಪಳ ಒಣಗಿ ಡಬ್ಬಿ ಸೇರುತ್ತಿತ್ತು, ಉಪ್ಪುಸೊಳೆ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ) ಭರಣಿಗೆ ಬೀಳುತ್ತಿತ್ತು, ಮಾಂಬಳ, ಮಿಡಿ ಉಪ್ಪಿನಕಾಯಿ ಎಲ್ಲ ತಯಾರು. ಜುಲೈಯಲ್ಲಿ ಕುಚ್ಚಿಲಕ್ಕಿ ಗಂಜಿ ಬೇಯಿಸಿ, ಭರಣಿಗೆ ಕೈ ಹಾಕಿ, ನಾಲ್ಕು ಹಪ್ಪಳ ಸುಟ್ಟರೆ ಊಟ ಮುಗಿಯಿತು. ಅದೂ ರೆಡಿಮೇಡೇ ಅಲ್ವಾ? ಆದರೆ ಅದನ್ನು ತಯಾರು ಮಾಡಲಿಕ್ಕೆ ಅತ್ತೆ, ಓರಗಿತ್ತಿ, ನಾದಿನಿ, ಪಕ್ಕದ ಮನೆಯವರು ಅಂತ ಹತ್ತು ಕೈ ಅಂಗಳದಲ್ಲಿ ಕೂರುತ್ತಿತ್ತು. ನಿಮ್ಮ ಮನೆಯಲ್ಲಿ ಈಗ ಇರುವುದು ಎರಡೇ ಕೈ, ಅವೂ ಹಗಲಿಡೀ ಆಫೀಸಿನ ಕಂಪ್ಯೂಟರ್ ಮೇಲೆ.

ಹಾಗಂತ ಎಲ್ಲ ಪ್ಯಾಕೆಟೂ ಒಂದೇ ಅಂತ ನಾನು ಹೇಳುವುದಿಲ್ಲ. ಅಂಗಡಿಯ ದೋಸೆಹಿಟ್ಟಿನಲ್ಲಿ ನೀವು ಕೊಳ್ಳುವುದು ಅರೆಯುವ ಕೆಲಸವನ್ನು. ಹಿಂಬದಿ ಓದಿ: ಅಕ್ಕಿ, ಉದ್ದು, ನೀರು, ಹೆಚ್ಚೆಂದರೆ ಸ್ವಲ್ಪ ಮೆಂತ್ಯೆ, ಉಪ್ಪು ಇದ್ದರೆ ಆರಾಮವಾಗಿ ತನ್ನಿ. ಪುಟ್ಟುಪುಡಿಯೂ ಹಾಗೆಯೇ, ಹುರಿದ ಅಕ್ಕಿಹಿಟ್ಟು ಬಿಟ್ಟರೆ ಒಳಗೆ ಬೇರೇನೂ ಇರುವುದಿಲ್ಲ. ಬ್ರೆಡ್ಡಿನ ಮೇಲೆ ಹಚ್ಚುವ ಜಾಮಿನ ಬಾಟಲಿ ತಿರುಗಿಸಿ ನೋಡಿ, ಎಷ್ಟೋ ಜಾಮಿನಲ್ಲಿ ಹಣ್ಣಿಗಿಂತ ಮೊದಲು ಸಕ್ಕರೆಯ ಹೆಸರಿರುತ್ತದೆ. ಯಾವುದು ಜಾಸ್ತಿ ಇದೆಯೋ ಅದನ್ನೇ ಮೊದಲು ಬರೆಯಬೇಕು ಅಂತ ಕಾನೂನು ಇದೆ, ಹಾಗಾಗಿ ಮೊದಲ ಮೂರು ಹೆಸರು ಓದಿದರೆ ಒಳಗಿನ ಕಥೆ ಅರ್ಧ ಗೊತ್ತಾಗುತ್ತದೆ. ಹೆಚ್ಚಾಗಿ ಇಂಗ್ಲಿಷಿನಲ್ಲಿ ಇರುತ್ತದೆ, ಕೆಲವದರಲ್ಲಿ ಮಲಯಾಳದಲ್ಲೂ ಇರುತ್ತದೆ. ಕನ್ನಡ ಹುಡುಕುತ್ತಾ ಕೂರಬೇಡಿ, ಗಡಿಯ ಈಚೆಗಿನ ನಮಗೆ ಅದು ರೂಢಿಯಾಗಿದೆ. ಒಂಬತ್ತು ವರ್ಷದ ದೊಡ್ಡವನಿಗೋ ದೊಡ್ಡವಳಿಗೋ ಓದುವ ಕೆಲಸ ಕೊಡಿ, ಅಂಗಡಿಯಲ್ಲಿ ಚಾಕೊಲೇಟಿಗೆ ಹಟ ಮಾಡುವುದೂ ಸ್ವಲ್ಪ ಕಡಿಮೆಯಾದೀತು.

ಇನ್ನು ನೂಡಲ್ಸ್. ಅದು ಯಾಕೆ ಅಷ್ಟು ಬೇಗ ಬೇಯುತ್ತದೆ ಗೊತ್ತಾ? ಹೆಚ್ಚಿನವನ್ನು ಫ್ಯಾಕ್ಟರಿಯಲ್ಲೇ ಬೇಯಿಸಿ ಎಣ್ಣೆಯಲ್ಲಿ ಕರಿದಿರುತ್ತಾರೆ. ಕರಿಯುವಾಗ ನೀರಿನ ಅಂಶ ಹಾರಿ ಎಳೆಯೊಳಗೆ ಸಣ್ಣ ಸಣ್ಣ ತೂತು ಉಳಿಯುತ್ತದೆ, ಬಿಸಿನೀರು ಅದರೊಳಗೆ ತಟಕ್ಕನೆ ನುಗ್ಗುತ್ತದೆ. ಅಂದರೆ ನಿಮ್ಮ ಮಕ್ಕಳು ತಿನ್ನುವುದು ಕರಿದ ಮೈದಾ. ಅದಕ್ಕಿಂತ ನನಗೆ ಚಿಂತೆ ಮಸಾಲೆ ಪೊಟ್ಟಣದ್ದು. ಪ್ಯಾಕೆಟಿನ ಮೇಲೆ ಸೋಡಿಯಂ ಅಂತ ಬರೆದಿರುತ್ತದೆ. 400 ಮಿಲಿಗ್ರಾಂ ಸೋಡಿಯಂ ಅಂದರೆ ಸುಮಾರು 1 ಗ್ರಾಂ ಉಪ್ಪು, ನೀವೇ ಲೆಕ್ಕ ಹಾಕಿ. ದೊಡ್ಡವರಿಗೇ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಐದು ವರ್ಷದ ಮಗುವಿಗೆ ಇನ್ನೂ ಕಡಿಮೆ ಸಾಕು. ಪೂರ್ತಿ ಬಿಡಿ ಅಂದರೆ ನೀವು ಬಿಡುವುದಿಲ್ಲ, ನಾನೂ ಬಿಟ್ಟಿರಲಿಲ್ಲ. ವಾರಕ್ಕೆ ಒಂದು ದಿನ ಇರಲಿ, ಮಸಾಲೆ ಅರ್ಧ ಪೊಟ್ಟಣ ಹಾಕಿ, ಮೊಟ್ಟೆ ತಿನ್ನುವವರಾದರೆ ಒಂದು ಒಡೆದು ಹಾಕಿ, ಬೀನ್ಸು ಕ್ಯಾರೆಟ್ಟು ಹಿಂದಿನ ರಾತ್ರಿಯೇ ಹೆಚ್ಚಿಡಿ.

ಉಳಿದ ಎರಡು ದಿನಕ್ಕೆ ನೀರುದೋಸೆ ಮಾಡಿ. ಕೆಲವರ ಮನೆಯಲ್ಲಿ ತೆಳ್ಳವು ಅನ್ನುತ್ತಾರೆ. ಹುಳಿ ಬರಿಸುವ ಕಾಟ ಇಲ್ಲ. ರಾತ್ರಿ ಬೆಳ್ತಿಗೆ ಅಕ್ಕಿ ನೆನೆಹಾಕಿದರೆ ಬೆಳಗ್ಗೆ ಮಿಕ್ಸಿಯಲ್ಲಿ ಐದು ನಿಮಿಷ, ನೀರು ಸೇರಿಸಿ ಉಪ್ಪು ಹಾಕಿ ಕಾವಲಿಗೆ ಹೊಯ್ದರಾಯಿತು. ತೆಳು ಅವಲಕ್ಕಿಗಂತೂ ಒಲೆಯೇ ಬೇಡ, ಕಾಯಿ ಬೆಲ್ಲ ಕಲಸಿದರೆ ಮುಗಿಯಿತು. ಕಾಯಿಯನ್ನು ಭಾನುವಾರವೇ ಹೆರೆದು ಫ್ರೀಜರಿನಲ್ಲಿ ಇಡಬಹುದು.

ಹೆರೆಯುವುದು ಯಾರು? ತಂಗೀ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಗಂಡ ರೈಲು ಹತ್ತುತ್ತಾರೆ, ಇಳಿಯುತ್ತಾರೆ. ನಡುವೆ ಬೇರೆ ಏನೂ ಮಾಡಿದ್ದು ನನಗೆ ಕಾಣಲಿಲ್ಲ. ಭಾನುವಾರ ರೈಲು ಹಿಡಿಯಲಿಕ್ಕಿಲ್ಲ, ಹೆರೆಮಣೆಯ ಮೇಲೆ ಅವರೇ ಕೂರಲಿ. ಅಕ್ಕಿ ನೆನೆಹಾಕುವುದನ್ನು ಅತ್ತೆಯವರಿಗೆ ಒಪ್ಪಿಸಿ, ‘ಅತ್ತೇ, ಅಳತೆ ನಿಮಗೇ ಸರಿಯಾಗಿ ಗೊತ್ತಿರುವುದು’ ಅಂತ ಹೇಳಿ ನೋಡಿ. ಹೇಳುವಾಗ ನೆಂಟರು ಎದುರಿಗಿದ್ದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಮಗಳು ಬರೀ ಹಾಲು ಮುಟ್ಟುವುದಿಲ್ಲ, ಚಾಕೊಲೇಟ್ ಪುಡಿ ಕಲಸಿದರೆ ಮಾತ್ರ ಕುಡಿಯುತ್ತಾಳೆ. ‘ಹೆಲ್ತ್ ಡ್ರಿಂಕ್’ ಅಲ್ಲವೇ, ಕೊಟ್ಟರೆ ಒಳ್ಳೆಯದೇ ಅಂತ ನಾನು, ಬೇಡ ಅಂತ ಹೆಂಡತಿ. ಯಾರು ಸರಿ?
– ಓದುಗ, ಉಪ್ಪಳ

ಉತ್ತರ: ಹೆಂಡತಿ. ತಮ್ಮಾ, ಆ ಹೆಸರು ಮಾರುವವರು ಇಟ್ಟದ್ದು. ನಮ್ಮ ಆಹಾರ ಸುರಕ್ಷತೆ ಕಾನೂನಿನಲ್ಲಿ ‘ಹೆಲ್ತ್ ಡ್ರಿಂಕ್’ ಅಂತ ಒಂದು ವರ್ಗವೇ ಇಲ್ಲ. ಅದಕ್ಕೇ 2024ರ ಏಪ್ರಿಲ್‌ನಲ್ಲಿ ಕೇಂದ್ರದ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಇಂಥ ಪಾನೀಯಗಳನ್ನು ಆ ಪಟ್ಟಿಯಿಂದ ತೆಗೆಯಿರಿ ಅಂತ ಹೇಳಿತು. ಡಬ್ಬಿಯ ಹಿಂದೆ ಸಕ್ಕರೆ ಎಷ್ಟು ಗ್ರಾಂ ಅಂತ ನೋಡಿ, ನಾಲ್ಕರಿಂದ ಭಾಗಿಸಿ. ಹೆಚ್ಚುಕಡಿಮೆ ಅಷ್ಟು ಚಮಚ ಸಕ್ಕರೆ. ಅದರ ಮೇಲೆ ಮತ್ತೆ ಸಕ್ಕರೆ ಬೇರೆ ಹಾಕುತ್ತೀರಾ ಅಂತ ಕೇಳುವುದಿಲ್ಲ, ಹಾಕುತ್ತೀರಿ ಅಂತ ಗೊತ್ತು. ಒಮ್ಮೆಲೇ ನಿಲ್ಲಿಸಿದರೆ ಮನೆಯಲ್ಲಿ ಯುದ್ಧ ಆಗುತ್ತದೆ, ಪುಡಿಯನ್ನು ವಾರಕ್ಕೆ ಅರ್ಧ ಚಮಚದಂತೆ ಇಳಿಸಿ, ಏಲಕ್ಕಿ ಹಾಕಿ ನೋಡಿ. ಹಾಲೇ ಬೇಡ ಅಂದರೆ ಮೊಸರು ಕೊಡಿ, ಇಲ್ಲ ರಾಗಿ ಮಣ್ಣಿ ಮಾಡಿ ಕೊಡಿ. ಹಾಲು ಕುಡಿಯದ ಮಕ್ಕಳೂ ದೊಡ್ಡವರಾಗುತ್ತಾರೆ.

ಪ್ರಶ್ನೆ: ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಶನಿವಾರ ರಾತ್ರಿ ಹೋಟೆಲಿನಿಂದ ನೈಚೋರು (ತುಪ್ಪದ ಅನ್ನ), ಕರಿ ತರಿಸುತ್ತೇವೆ. ಉಳಿದದ್ದು ಮೇಜಿನ ಮೇಲೆಯೇ ಇರುತ್ತದೆ, ಭಾನುವಾರ ಬೆಳಗ್ಗೆ ಚೆನ್ನಾಗಿ ಬಿಸಿ ಮಾಡಿ ಮಕ್ಕಳಿಗೆ ಕೊಡುತ್ತೇವೆ. ತೊಂದರೆ ಇಲ್ಲ ಅಲ್ವಾ?
– ಓದುಗಿ, ಮಂಜೇಶ್ವರ

ಉತ್ತರ: ಇದೆ. ಬೆಂದ ಅನ್ನ ಹೊರಗೇ ಗಂಟೆಗಟ್ಟಲೆ ಕೂತರೆ ಅದರಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ ಬೆಳೆಯಬಹುದು. ಅದರ ಬೀಜಾಣು ಅನ್ನ ಬೇಯುವಾಗಲೂ ಸಾಯುವುದಿಲ್ಲ. ಅದು ಬಿಡುವ ಒಂದು ವಿಷ ಎಷ್ಟು ಬಿಸಿ ಮಾಡಿದರೂ ಹೋಗುವುದಿಲ್ಲ, ವಾಂತಿ ಮಾಡಿಸುವುದು ಅದೇ. ‘ಚೆನ್ನಾಗಿ ಬಿಸಿ ಮಾಡಿದ್ದೇನೆ’ ಅನ್ನುವ ಧೈರ್ಯ ಇಲ್ಲಿ ನಡೆಯುವುದಿಲ್ಲ. 2023ರ ಜನವರಿಯಿಂದ ಕೇರಳದಲ್ಲಿ ಪಾರ್ಸೆಲ್ ಮೇಲೆ ಯಾವಾಗ ಮಾಡಿದ್ದು, ಎಷ್ಟು ಹೊತ್ತಿನೊಳಗೆ ತಿನ್ನಬೇಕು ಅಂತ ಚೀಟಿ ಅಂಟಿಸಬೇಕು. ಹಸಿ ಮೊಟ್ಟೆಯ ಮಯೋನೀಸನ್ನೂ ಆಗಲೇ ನಿಷೇಧಿಸಿದರು. ಚೀಟಿ ಇಲ್ಲದಿದ್ದರೆ ಕೇಳಿ, ಕೇಳಲಿಕ್ಕೆ ನಾಚಿಕೆ ಯಾಕೆ? ಮನೆಗೆ ತಂದ ಕೂಡಲೇ ಬೇಕಾದಷ್ಟು ಬಡಿಸಿಕೊಂಡು, ಉಳಿದದ್ದನ್ನು ಆಗಲೇ ಫ್ರಿಜ್ಜಿಗೆ ಹಾಕಿ. ಟಿವಿ ನೋಡಿ ಮುಗಿಸಿ ಆಮೇಲೆ ಇಡುತ್ತೇನೆ ಅನ್ನಬೇಡಿ.

ಪ್ರಶ್ನೆ: ಮಗುವಿಗೆ ಒಂದು ವರ್ಷ. ನಾನು ಮತ್ತೆ ಕೆಲಸಕ್ಕೆ ಸೇರಿದ್ದೇನೆ, ಅಮ್ಮ ನೋಡಿಕೊಳ್ಳುತ್ತಾರೆ. ಅಂಗನವಾಡಿಯಿಂದ ‘ಅಮೃತಂ’ ಪುಡಿ ಸಿಗುತ್ತದೆ. ನೆಂಟರು ‘ಪುಕ್ಕಟೆ ಸರಕಾರಿ ಪುಡಿ ಯಾಕೆ, ಒಳ್ಳೆಯ ಡಬ್ಬಿ ತರಬಾರದಾ’ ಅನ್ನುತ್ತಾರೆ.
– ಓದುಗಿ, ಮುಳ್ಳೇರಿಯ

ಉತ್ತರ: ಪುಕ್ಕಟೆ ಸಿಕ್ಕಿದ್ದಕ್ಕೆ ನಮ್ಮವರಲ್ಲಿ ಬೆಲೆ ಇಲ್ಲ. ಆ ಪುಡಿ ಹುಟ್ಟಿದ್ದೇ ನಮ್ಮ ಜಿಲ್ಲೆಯಲ್ಲಿ ಅಂತ ನಿಮ್ಮ ನೆಂಟರಿಗೆ ಗೊತ್ತಿದೆಯಾ? ಅದರ ತಂತ್ರಜ್ಞಾನ ಕೊಟ್ಟದ್ದು ಕೂಡ್ಲಿನ ಸಿಪಿಸಿಆರ್‌ಐ, ತೆಂಗು-ಅಡಿಕೆ ಸಂಶೋಧನೆ ಮಾಡುತ್ತಾರಲ್ಲ, ಅದೇ ಸಂಸ್ಥೆ. ಮೊದಲು ಇಲ್ಲಿ ಮಾಡಿ ನೋಡಿ ಆಮೇಲೆ ಕೇರಳ ಇಡೀ ಹಬ್ಬಿತು. ತಯಾರಿಸುವವರು ಕೇರಳದ ಮಹಿಳಾ ಸ್ವಸಹಾಯ ಸಂಘ ಕುಟುಂಬಶ್ರೀಯ ಹೆಂಗಸರು, ನಮ್ಮ ನಿಮ್ಮಂಥವರು. ಒಳಗಿರುವುದು ಗೋಧಿ, ಕಡಲೆಬೇಳೆ, ನೆಲಗಡಲೆ, ಸೋಯಾ, ಸಕ್ಕರೆ. ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಅಂತಲೇ ಮಾಡಿದ್ದು. ಕೆಲಸಕ್ಕೆ ಹೋಗುವ ತಾಯಿಗೆ ಇದಕ್ಕಿಂತ ಸುಲಭದ ಪ್ಯಾಕೆಟ್ ಯಾವುದಿದೆ? ಪುಡಿ ನೀರಿನಲ್ಲಿ ಕದಡಿ, ಗಂಟು ಕಟ್ಟದಂತೆ ತಿರುಗಿಸುತ್ತಾ ಚೆನ್ನಾಗಿ ಬೇಯಿಸಲಿಕ್ಕೆ ಅಮ್ಮನಿಗೆ ಹೇಳಿ. ಸಕ್ಕರೆ ಅದರಲ್ಲೇ ಇದೆ, ಬೇರೆ ಹಾಕುವುದು ಬೇಡ. ನೆಲಗಡಲೆ ಮಗುವಿಗೆ ಆಗುವುದಿಲ್ಲ ಅಂತ ಡಾಕ್ಟರು ಮೊದಲೇ ಹೇಳಿದ್ದರೆ ಮಾತ್ರ ಕೊಡಬೇಡಿ. ಪೊಟ್ಟಣ ಒಡೆದ ಮೇಲೆ ಒಣ ಡಬ್ಬಿಗೆ ಹಾಕಿ ಮುಚ್ಚಿಡಿ, ಮಳೆಗಾಲದಲ್ಲಿ ಬೇಗ ಮುಗ್ಗುತ್ತದೆ.

ಇನ್ನೊಂದು, ಎಷ್ಟೋ ಮನೆಯಲ್ಲಿ ಈ ಪುಡಿಗೆ ತುಪ್ಪ ಬೆಲ್ಲ ಸೇರಿಸಿ ಉಂಡೆ ಕಟ್ಟಿ ದೊಡ್ಡವರೇ ಸಂಜೆಯ ಚಾದ ಜೊತೆಗೆ ತಿಂದು ಮುಗಿಸುತ್ತಾರೆ. ಡಬ್ಬಿ ತನ್ನಿ ಅನ್ನುವ ಆ ನೆಂಟರು ಮನೆಗೆ ಬಂದಾಗ ಅದನ್ನು ಸ್ವಲ್ಪ ಮೇಲಿನ ಕಪಾಟಿನಲ್ಲಿ ಇಡಿ.