ನೀರನ್ನು ಮರೆತ ಲೇಖನ

ಮಾನ್ಯರೇ,

‘ಮದ್ಯ ಕರಗಿಸುವ ಕೊಬ್ಬಿನ ಪೊರೆ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ತಿದ್ದಿ ಕಳುಹಿಸುವಿರೆಂಬ ನಂಬಿಕೆಯಿಂದ ಇಷ್ಟುದ್ದ ಬರೆಯುತ್ತಿದ್ದೇನೆ. ಕೊಬ್ಬನ್ನೂ ಮದ್ಯವನ್ನೂ ಆಸ್ಥೆಯಿಂದ ಗಮನಿಸಿದ ನೀವು ಅವುಗಳ ಅಡಿಯಲ್ಲಿರುವ ನೀರನ್ನು ಪೂರ್ತಿ ಮರೆತಿದ್ದೀರಿ.

ತಟ್ಟೆಯ ನೀರಿನ ಮೇಲಿದ್ದ ಎಣ್ಣೆಹನಿಗಳು, ನಡುವೆ ಒಂದು ತೊಟ್ಟು ಸ್ಯಾನಿಟೈಸರ್ ಬಿದ್ದೊಡನೆ ಅಂಚಿಗೆ ಓಡಿದವೆಂಬ ಆರಂಭ ಚೆನ್ನಾಗಿದೆ. ‘ಆಲ್ಕೋಹಾಲ್ ಎಣ್ಣೆಯನ್ನು ಕರಗಿಸಿತು’ ಎಂಬ ವಿವರಣೆ ಮಾತ್ರ ಸಲ್ಲದು. ಕರಗಿದ್ದರೆ ಹನಿಗಳು ಓಡುವ ಬದಲು ಕಾಣೆಯಾಗುತ್ತಿದ್ದವು. ಶುದ್ಧ ನೀರಿನ ಮೇಲ್ಮೈ ಎಳೆತ, ಅಂದರೆ ಮೇಲ್ಮೈಯನ್ನು ಕುಗ್ಗಿಸಲೆಳೆಯುವ ಬಲ, ಮೀಟರಿಗೆ ಸುಮಾರು 72 ಮಿಲಿನ್ಯೂಟನ್, ಮದ್ಯದ ಆಲ್ಕೋಹಾಲಾದ ಎಥನಾಲಿನದು ಸುಮಾರು 22. ತೊಟ್ಟು ಬಿದ್ದ ಕಡೆ ಎಳೆತ ಕುಸಿದಾಗ ಸುತ್ತಲಿನ ನೀರು ಮೇಲ್ಮೈಯನ್ನು ತನ್ನತ್ತ ಜಗ್ಗುತ್ತದೆ, ಎಣ್ಣೆ ಆ ಹರಿವಿನೊಡನೆ ಸಾಗುತ್ತದೆ. ಮರಂಗೋನಿ ಪರಿಣಾಮವೆಂದರೆ ಇದೇ.

ತೊಟ್ಟಿಯ ನೀರಿನ ಮೇಲೆ ಹರಡಿದ, ಒಂದೇ ಅಣು ದಪ್ಪದ ಲಿಪಿಡ್ (ಕೊಬ್ಬಿನ ಜಾತಿಯ ವಸ್ತು) ಪದರದ ಎಳೆತವನ್ನು ಅಳೆದ ಭಾಗಕ್ಕೂ ಇದೇ ಆಕ್ಷೇಪ. ತೊಟ್ಟಿಯ ನೀರಿನಲ್ಲಿ ತೂಕದ ಶೇಕಡಾ 10ರಷ್ಟು ಎಥನಾಲ್ ಇದ್ದರೆ, ಲಿಪಿಡ್ ಹಾಕುವ ಮೊದಲೇ ಎಳೆತ 48ರ ಆಸುಪಾಸಿಗೆ ಇಳಿದಿರುತ್ತದೆ. ಅದನ್ನು ಕಳೆಯದೆ ಇಡೀ ಬದಲಾವಣೆಯನ್ನು ಪದರದ ಲೆಕ್ಕಕ್ಕೆ ಬರೆದಿದ್ದೀರಿ. ಕಳೆದ ಮೇಲೆ ಉಳಿಯುವುದೇ ನಿಮ್ಮ ನಿಜವಾದ ವಿಷಯ: ಎಥನಾಲಿನ ಪುಟ್ಟ ಅಣುಗಳು ಲಿಪಿಡ್ ಅಣುಗಳ ನೀರಿಗೆ ಒಲಿಯುವ ತುದಿಗಳಾದ ತಲೆಗಳ ನಡುವೆ ನುಸುಳಿ, ಹೈಡ್ರೋಜನ್ ಬಂಧದಿಂದ ಅಲ್ಲಿ ನೆಲೆನಿಂತು, ತಲೆಗಳನ್ನು ದೂರ ಸರಿಸುತ್ತವೆ, ನೀರಿನಿಂದ ದೂರ ಸರಿಯುವ ಬಾಲಗಳಿಗೆ ಜಾಗ ಹೆಚ್ಚಿ ಪದರ ಸಡಿಲಗೊಳ್ಳುತ್ತದೆ. ನೀವು ಅರ್ಧ ವಾಕ್ಯದಲ್ಲಿ ಮುಗಿಸಿದ ಈ ಸಂಗತಿಗೆ ಒಂದು ಪುಟವನ್ನೇ ಕೊಡಬಹುದು. ಹೆಕ್ಸಾಡೆಕನಾಲಿನಂಥ ಉದ್ದ ಸರಪಳಿಯ ಆಲ್ಕೋಹಾಲ್ ತಾನೇ ಬಿಗಿಯಾದ ಪದರವಾಗಿ ಹರಡಿ, ನೀರು ಆವಿಯಾಗುವುದನ್ನು ತಗ್ಗಿಸುತ್ತದೆ ಎಂಬುದನ್ನೂ ಸೇರಿಸಿರಿ; ಆಲ್ಕೋಹಾಲ್ ಎಂದರೆ ಕರಗಿಸುವ ವಸ್ತುವೆಂಬ ನಿಮ್ಮ ಹಠವೂ ಆಗ ಸಡಿಲವಾದೀತು.

ಇಂಥ ಪದರಗಳನ್ನು ಅಳೆಯುವ ತೊಟ್ಟಿಯ ಕೀರ್ತಿಯನ್ನು ಅಮೆರಿಕದ ರಸಾಯನ ವಿಜ್ಞಾನಿ ಲ್ಯಾಂಗ್ಮ್ಯೂರ್ ಒಬ್ಬರಿಗೇ ಕೊಟ್ಟದ್ದು ನನಗೆ ಬೇಸರ ತಂದಿತು. ಜರ್ಮನಿಯ ಬ್ರೌನ್‌ಶ್ವೈಗಿನಲ್ಲಿ ಮನೆವಾರ್ತೆ ನೋಡಿಕೊಂಡಿದ್ದ ಆಗ್ನೆಸ್ ಪೊಕೆಲ್ಸ್, ತಗಡಿನ ಪಟ್ಟಿಯಿಂದ ನೀರಿನ ಮೇಲ್ಮೈಯನ್ನು ಗುಡಿಸಿ ಶುಚಿ ಮಾಡಿ ಎಳೆತವನ್ನು ಅಳೆದ ವಿವರ, ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲಿ ಅವರ ನೆರವಿನಿಂದ 1891ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಬಂದಿತ್ತು. ಆಕೆ ಮೊದಲು ಗಮನಿಸಿದ್ದು ನೀರನ್ನು.

‘ಕುಡಿದವರ ಮಿದುಳಿನಲ್ಲೂ ಆಗುವುದು ಇದೇ’ ಎಂಬ ಕೊನೆಯ ಪರಿಚ್ಛೇದವನ್ನು ತೆಗೆದುಹಾಕಿ. ನಮ್ಮ ಮೋಟಾರು ವಾಹನ ಕಾಯ್ದೆ ಚಾಲಕರಿಗೆ ಹಾಕಿರುವ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್. ನಿಮ್ಮ ತೊಟ್ಟಿಯಲ್ಲಿರುವುದು ಅದರ 300 ಪಟ್ಟಿಗೂ ಹೆಚ್ಚು. ಜೀವಕೋಶದ ಪೊರೆಯಲ್ಲಾದರೋ ಎರಡು ಪದರಗಳಿವೆ, ಅವುಗಳಲ್ಲಿ ಹುದುಗಿದ ಪ್ರೋಟೀನುಗಳಿವೆ.

ಮರಳಿ ಕಳುಹಿಸುವಾಗ, ಲಿಪಿಡ್ ಇಲ್ಲದ ಎಥನಾಲ್ ನೀರಿನ ಅಳತೆಯನ್ನೂ ಜೊತೆಗಿಡಿ. ತೆರೆದ ತೊಟ್ಟಿಯಿಂದ ಎಥನಾಲ್ ಆವಿಯಾಗುವುದರಿಂದ ಅಳತೆಯ ಹೊತ್ತನ್ನೂ ಬರೆಯಿರಿ. ಶೀರ್ಷಿಕೆಯಲ್ಲಿರುವ ‘ಕರಗಿಸುವ’ ಎಂಬ ಪದವನ್ನು ಈಗಲೇ ಹೊಡೆದುಹಾಕಬಹುದು.

ಇಂತಿ,
ಸಂಪಾದಕ